ಮೂರು ಗಂಟೆಯ ಗಡುವು: ಮೊದಲ ಬಾರಿ ವಿಧಾನಸಭೆಗೆ ಸ್ಪರ್ಧಿಸುವವರ ಮುಂದಿರುವ ದಾರಿ

ಕರ್ನಾಟಕ ವಿಧಾನಸಭೆಯ 224 ಕ್ಷೇತ್ರಗಳಲ್ಲಿ ಯಾವುದಾದರೊಂದರಿಂದ ಮೊದಲ ಸಲ ಕಣಕ್ಕಿಳಿಯಲು ಮನಸ್ಸು ಮಾಡಿದವರು ಸಾಮಾನ್ಯವಾಗಿ ಹಣ ಹೊಂದಿಸುವ ಬಗ್ಗೆ ಯೋಚಿಸುತ್ತಾರೆ, ಜಾತಿವಾರು ಮತಗಳ ಲೆಕ್ಕ ಹಾಕುತ್ತಾರೆ, ಟಿಕೆಟ್‌ಗಾಗಿ ಬೆಂಗಳೂರಿಗೆ ಅಲೆಯುತ್ತಾರೆ. ಇವೆಲ್ಲ ಬೇಕಾದದ್ದೇ. ಆದರೆ ಎದುರಾಳಿಗಿಂತ ಮೊದಲು ಹೊಸಬರನ್ನು ಸೋಲಿಸಬಲ್ಲದ್ದು ಗಡಿಯಾರ ಎಂಬುದು ನಾಮಪತ್ರ ಸಲ್ಲಿಕೆಯ ಕೊನೆಯ ದಿನದವರೆಗೂ ಅನೇಕರಿಗೆ ಹೊಳೆಯುವುದಿಲ್ಲ. ನಮ್ಮ ಚುನಾವಣಾ ಕಾನೂನನ್ನು ಅರ್ಹತೆ ಅನರ್ಹತೆಗಳ ಪಟ್ಟಿಯಾಗಿ ಓದುವುದಕ್ಕಿಂತ, ಒಂದರ ಬೆನ್ನಿಗೊಂದು ಬರುವ ಗಡುವುಗಳ ಸರಣಿಯಾಗಿ ಓದಿದರೆ ಹೊಸ ಅಭ್ಯರ್ಥಿಗೆ ಅದು ಬೇಗ ಕೈಗೆ ಹತ್ತುತ್ತದೆ.

2023ರ ವಿಧಾನಸಭಾ ಚುನಾವಣೆಯ ವೇಳಾಪಟ್ಟಿಯನ್ನೇ ನೋಡೋಣ. ಚುನಾವಣಾ ಆಯೋಗವು ಮಾರ್ಚ್ 29ರಂದು ದಿನಾಂಕ ಪ್ರಕಟಿಸಿದ ಕ್ಷಣದಿಂದ ಮಾದರಿ ನೀತಿ ಸಂಹಿತೆ ಜಾರಿಗೆ ಬಂತು. ಅಧಿಸೂಚನೆ ಹೊರಬಿದ್ದದ್ದು ಏಪ್ರಿಲ್ 13ರಂದು. ನಾಮಪತ್ರ ಸಲ್ಲಿಕೆಗೆ ಏಪ್ರಿಲ್ 20 ಕೊನೆಯ ದಿನ, 21ರಂದು ಪರಿಶೀಲನೆ, 24ರವರೆಗೆ ಹಿಂತೆಗೆತಕ್ಕೆ ಅವಕಾಶ, ಮೇ 10ರಂದು ಮತದಾನ, 13ರಂದು ಎಣಿಕೆ. 13ರಿಂದ 20ರವರೆಗೆ ಎಂಟು ದಿನ ಸಿಕ್ಕವು ಎಂದು ಕ್ಯಾಲೆಂಡರ್ ಹೇಳುತ್ತದೆ. ಆದರೆ ಸಾರ್ವಜನಿಕ ರಜಾದಿನಗಳಲ್ಲಿ ನಾಮಪತ್ರ ಸ್ವೀಕರಿಸುವುದಿಲ್ಲ. 14 ಅಂಬೇಡ್ಕರ್ ಜಯಂತಿ, 16 ಭಾನುವಾರ. ಉಳಿದ ಆರು ದಿನಗಳಲ್ಲೂ ಚುನಾವಣಾಧಿಕಾರಿಯ ಕಚೇರಿ ನಾಮಪತ್ರಕ್ಕೆಂದು ತೆರೆದಿರುವುದು ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ. ಅಂದರೆ ಒಟ್ಟು 24 ಗಂಟೆ. ಅದರಲ್ಲೂ ಒಳ್ಳೆಯ ಮುಹೂರ್ತ ಹುಡುಕುತ್ತ, ರಾಹುಕಾಲ ತಪ್ಪಿಸುತ್ತ ಕೂತವರಿಗೆ ಉಳಿಯುವ ಅವಧಿ ಇನ್ನೂ ಚಿಕ್ಕದು.

ಯಾರು ಸ್ಪರ್ಧಿಸಬಹುದು ಎಂಬ ಪ್ರಶ್ನೆಗೆ ಉತ್ತರ ಸರಳವಾಗಿಯೇ ಇದೆ. ಸಂವಿಧಾನದ 173ನೇ ವಿಧಿಯ ಪ್ರಕಾರ ಅಭ್ಯರ್ಥಿ ಭಾರತದ ಪ್ರಜೆಯಾಗಿರಬೇಕು, ಕನಿಷ್ಠ 25 ವರ್ಷ ತುಂಬಿರಬೇಕು ಮತ್ತು ನಿಗದಿತ ನಮೂನೆಯಲ್ಲಿ ಪ್ರಮಾಣವಚನ ಸ್ವೀಕರಿಸಿರಬೇಕು. 1951ರ ಜನಪ್ರಾತಿನಿಧ್ಯ ಕಾಯ್ದೆಯು ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕೆಂಬುದನ್ನು ಇದಕ್ಕೆ ಸೇರಿಸುತ್ತದೆ. ಬೀದರಿನ ಮತದಾರ ಚಾಮರಾಜನಗರದಲ್ಲಿ ನಿಲ್ಲಬಹುದು. ಆದರೆ ತನ್ನ ಹೆಸರಿರುವ ಮತದಾರರ ಪಟ್ಟಿಯ ದೃಢೀಕೃತ ಪ್ರತಿಯನ್ನು ಆತ ಒದಗಿಸಬೇಕು. ಪರಿಶಿಷ್ಟ ಜಾತಿಗೆ ಮೀಸಲಾದ 36 ಮತ್ತು ಪರಿಶಿಷ್ಟ ಪಂಗಡಕ್ಕೆ ಮೀಸಲಾದ 15 ಕ್ಷೇತ್ರಗಳಲ್ಲಿ ಆಯಾ ವರ್ಗದವರು ಮಾತ್ರ ಸ್ಪರ್ಧಿಸಬಹುದು.

ಅನರ್ಹತೆಗಳ ಪೈಕಿ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಜೈಲು ಶಿಕ್ಷೆಯದು ಎಲ್ಲರಿಗೂ ಗೊತ್ತಿರುವಂಥದ್ದು. ಹೊಸಬರು ಗಮನಿಸದೆ ಬಿಡುವುದು ಸರ್ಕಾರಿ ಗುತ್ತಿಗೆಯದು. ಸರ್ಕಾರಕ್ಕೆ ಸರಕು ಪೂರೈಸುವ ಅಥವಾ ಕಾಮಗಾರಿ ನಡೆಸಿಕೊಡುವ ಗುತ್ತಿಗೆಯೊಂದು ಚಾಲ್ತಿಯಲ್ಲಿದ್ದರೆ ರಾಜ್ಯ ಶಾಸಕಾಂಗಕ್ಕೆ ಸ್ಪರ್ಧಿಸುವವರು ಕಾಯ್ದೆಯ 9ಎ ಸೆಕ್ಷನ್ ಅಡಿಯಲ್ಲಿ ಅನರ್ಹರಾಗುತ್ತಾರೆ. ಕೆಲಸವನ್ನೆಲ್ಲ ಮುಗಿಸಿಕೊಟ್ಟು, ಬಿಲ್ಲಿನ ಹಣ ಮಾತ್ರ ಬಾಕಿಯಿದ್ದರೆ ಆ ಗುತ್ತಿಗೆ ಚಾಲ್ತಿಯಲ್ಲಿದೆ ಎಂದು ಅರ್ಥವಲ್ಲ ಎಂದು ಕಾಯ್ದೆಯೇ ವಿವರಿಸುತ್ತದೆ. ನಮ್ಮಲ್ಲಿ ರಾಜಕೀಯಕ್ಕೆ ಬರುವವರಲ್ಲಿ ಗುತ್ತಿಗೆದಾರರ ಪ್ರಮಾಣ ಎಷ್ಟಿದೆ ಎಂಬುದನ್ನು ನೆನೆದರೆ ಈ ವಿವರಣೆಯ ಬೆಲೆ ತಿಳಿಯುತ್ತದೆ.

ಇನ್ನು ನಾಮಪತ್ರ. ವಿಧಾನಸಭೆಗೆ ಬಳಸುವುದು ನಮೂನೆ 2ಬಿ. ಚುನಾವಣಾ ಆಯೋಗದ ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಆ ಕ್ಷೇತ್ರದ ಒಬ್ಬ ಮತದಾರ ಸೂಚಕನಾಗಿ, ಅಂದರೆ ಹೆಸರು ಸೂಚಿಸುವವನಾಗಿ, ಸಹಿ ಹಾಕಿದರೆ ಸಾಕು. ಪಕ್ಷೇತರರಿಗೆ ಮತ್ತು ನೋಂದಾಯಿತವಾದರೂ ಮಾನ್ಯತೆಯಿಲ್ಲದ ಪಕ್ಷಗಳ ಅಭ್ಯರ್ಥಿಗಳಿಗೆ ಹತ್ತು ಸೂಚಕರು ಬೇಕು. ಹತ್ತು ಸಹಿ ಎಂದರೆ ಹತ್ತು ನಿಮಿಷದ ಕೆಲಸ ಎಂದು ತೋರುತ್ತದೆ. ಗೆಳೆಯರೊಬ್ಬರ ಪರವಾಗಿ ಈ ಹತ್ತು ಮಂದಿಯನ್ನು ಹೊಂದಿಸುವ ಕೆಲಸವನ್ನು ನಾನು ಒಮ್ಮೆ ವಹಿಸಿಕೊಂಡಿದ್ದೆ. ಎಲ್ಲರೂ ಪರಿಚಿತರು, ಒಂದೇ ಊರಿನ ಸುತ್ತಮುತ್ತಲಿನವರು. ಹಿಂದಿನ ರಾತ್ರಿ ಮತದಾರರ ಪಟ್ಟಿ ತೆರೆದು ಪ್ರತಿಯೊಬ್ಬರ ಭಾಗದ ಸಂಖ್ಯೆ ಮತ್ತು ಕ್ರಮಸಂಖ್ಯೆಯನ್ನು ಬರೆದುಕೊಳ್ಳುತ್ತ ಹೋದಾಗ ಒಬ್ಬರ ಹೆಸರು ಎಲ್ಲೂ ಸಿಗಲಿಲ್ಲ. ರಸ್ತೆಯ ಈ ಬದಿ ಒಂದು ಕ್ಷೇತ್ರಕ್ಕೂ ಆ ಬದಿ ಇನ್ನೊಂದಕ್ಕೂ ಸೇರಿತ್ತು. ಅವರ ಮನೆ ಆ ಬದಿಗಿತ್ತು. ಮತ್ತೊಬ್ಬರು ಹೆಬ್ಬೆಟ್ಟು ಒತ್ತುವವರು. ಸಹಿ ಬಾರದವರ ಹೆಬ್ಬೆಟ್ಟಿನ ಗುರುತನ್ನು ಚುನಾವಣಾಧಿಕಾರಿಯ ಅಥವಾ ಗೊತ್ತುಪಡಿಸಿದ ಆಡಳಿತಾಧಿಕಾರಿಯ ಎದುರಿನಲ್ಲೇ ದೃಢೀಕರಿಸಬೇಕೆಂಬ ನಿಯಮ ನಮಗೆ ತಿಳಿದದ್ದು ಆಮೇಲೆ. ಒಬ್ಬ ಅಭ್ಯರ್ಥಿ ಒಂದು ಕ್ಷೇತ್ರದಲ್ಲಿ ನಾಲ್ಕು ನಾಮಪತ್ರಗಳವರೆಗೆ ಸಲ್ಲಿಸಬಹುದು ಎಂಬ ಅವಕಾಶ ಇರುವುದೇ ಇಂಥ ಎಡವಟ್ಟುಗಳಿಗಾಗಿ. ಬೇರೆ ಬೇರೆ ಹತ್ತು ಮಂದಿಯ ಎರಡು ಸೆಟ್ಟುಗಳನ್ನಾದರೂ ಸಿದ್ಧವಿಟ್ಟುಕೊಳ್ಳುವುದು ಜಾಣತನ.

ಹತ್ತು ಸೂಚಕರ ಈ ನಿಯಮಕ್ಕೂ ನಾಮಪತ್ರದ ಜೊತೆ ಕಟ್ಟುವ ಠೇವಣಿಯ ಮೊತ್ತಕ್ಕೂ ನಮ್ಮ ರಾಜ್ಯದ ನಂಟಿರುವ ಒಂದು ಹಿನ್ನೆಲೆಯಿದೆ. 1996ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರವೊಂದರಲ್ಲೇ 456 ಮಂದಿ ಕಣದಲ್ಲಿದ್ದರು. ಅದೇ ವರ್ಷ ತಮಿಳುನಾಡಿನ ಮೊಡಕುರುಚ್ಚಿ ವಿಧಾನಸಭಾ ಕ್ಷೇತ್ರದಲ್ಲಿ ಅಭ್ಯರ್ಥಿಗಳ ಸಂಖ್ಯೆ 1,033 ಮುಟ್ಟಿತು. ಮತಪತ್ರ ಪುಸ್ತಕದ ಗಾತ್ರ ತಾಳಿತು. ಆಗ ವಿಧಾನಸಭೆಗೆ ಠೇವಣಿ ಇದ್ದದ್ದು ಕೇವಲ 250 ರೂಪಾಯಿ. ಅದೇ ವರ್ಷ ಕಾಯ್ದೆಗೆ ತಿದ್ದುಪಡಿಯಾಗಿ ಠೇವಣಿ 5,000 ರೂಪಾಯಿಗೆ ಏರಿತು, ಪಕ್ಷೇತರರಿಗೆ ಹತ್ತು ಸೂಚಕರು ಕಡ್ಡಾಯವಾದರು. ಈಗಿನ ಠೇವಣಿ 10,000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅವರು ಸಾಮಾನ್ಯ ಕ್ಷೇತ್ರದಲ್ಲಿ ನಿಂತರೂ, 5,000 ರೂಪಾಯಿ. ಇದನ್ನು ಚೆಕ್ ಅಥವಾ ಡಿ.ಡಿ. ಮೂಲಕ ಕಟ್ಟಲಾಗದು.

ಚಲಾವಣೆಯಾದ ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಪಡೆದವರಿಗೆ ಮಾತ್ರ ಠೇವಣಿ ವಾಪಸ್ ಸಿಗುತ್ತದೆ. 1,70,000 ಸಿಂಧು ಮತಗಳಿದ್ದರೆ 28,334 ಮತ ಬೇಕು, 28,333 ಸಾಲದು. ಈ ಲೆಕ್ಕಕ್ಕೆ ನೋಟಾ (ಯಾರೂ ಬೇಡವೆಂಬ) ಮತಗಳನ್ನು ಸೇರಿಸುವುದಿಲ್ಲ. ಸೋತವರ ಬಗ್ಗೆ ಮಾತಾಡುವಾಗ "ಠೇವಣಿಯೂ ಉಳಿಯಲಿಲ್ಲ" ಎಂದು ನಾವು ಹಂಗಿಸುವ ರೂಢಿಯಿದೆಯಷ್ಟೆ. ಹೊಸಬರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕಾದ ಅಗತ್ಯವಿಲ್ಲವೆಂದು ನನ್ನ ಅಭಿಪ್ರಾಯ, ಏಕೆಂದರೆ ಇಬ್ಬರು ಬಲಿಷ್ಠರ ನೇರ ಹಣಾಹಣಿಯಿರುವ ಕ್ಷೇತ್ರದಲ್ಲಿ ಮೂರನೆಯವರಿಗೆ ಆರನೇ ಒಂದು ಭಾಗ ಸಿಗುವುದು ದೊಡ್ಡ ಸಾಧನೆಯೇ.

ನಾಮಪತ್ರಕ್ಕಿಂತ ಹೆಚ್ಚು ಸಮಯ ಹಿಡಿಯುವುದು ನಮೂನೆ 26ರ ಅಫಿಡವಿಟ್. 2002ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪು, ಮತದಾರರಿಗೆ ಅಭ್ಯರ್ಥಿಯ ಹಿನ್ನೆಲೆಯನ್ನು ತಿಳಿಯುವ ಹಕ್ಕಿದೆ ಎಂದು ಸಾರಿದ ಬಳಿಕ ಬಂದ ದಾಖಲೆ ಇದು. ತನ್ನ, ಬಾಳಸಂಗಾತಿಯ, ಅವಿಭಕ್ತ ಕುಟುಂಬದ ಮತ್ತು ಅವಲಂಬಿತರ ಪ್ಯಾನ್ ಸಂಖ್ಯೆ, ಐದು ವರ್ಷಗಳ ಆದಾಯ ತೆರಿಗೆ ವಿವರ, ಕೈಯಲ್ಲಿರುವ ನಗದು, ಬ್ಯಾಂಕ್ ಠೇವಣಿ, ವಾಹನ, ಚಿನ್ನ, ಜಮೀನು, ಕಟ್ಟಡ, ಸಾಲ, ಸರ್ಕಾರಕ್ಕೆ ಕೊಡಬೇಕಾದ ಬಾಕಿ, ವಿದೇಶದಲ್ಲಿರುವ ಆಸ್ತಿ, ವಿದ್ಯಾಭ್ಯಾಸ, ಸಾಮಾಜಿಕ ಜಾಲತಾಣದ ಖಾತೆಗಳು, ಬಾಕಿ ಇರುವ ಕ್ರಿಮಿನಲ್ ಪ್ರಕರಣಗಳು, ಆದ ಶಿಕ್ಷೆಗಳು ಇವೆಲ್ಲವನ್ನೂ ನೋಟರಿ, ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಅಥವಾ ಓತ್ ಕಮಿಷನರ್ ಮುಂದೆ ಪ್ರಮಾಣ ಮಾಡಿ ಘೋಷಿಸಬೇಕು. ಜಮೀನಿನ ಸಾಲಿಗೆ ಬಂದಾಗ ಕೆಲಸ ನಿಧಾನವಾಗುತ್ತದೆ. ಸರ್ವೆ ನಂಬರ್, ವಿಸ್ತೀರ್ಣ, ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಕೊಂಡದ್ದಾದರೆ ಯಾವ ದಿನ, ಎಷ್ಟು ಬೆಲೆಗೆ, ಈಗಿನ ಮಾರುಕಟ್ಟೆ ಮೌಲ್ಯ ಎಷ್ಟು ಎಂದೆಲ್ಲ ಪ್ರತಿ ತುಂಡು ಭೂಮಿಗೂ ಬರೆಯಬೇಕು. ಅಜ್ಜನ ಹೆಸರಿನಲ್ಲೇ ಪಹಣಿ ಉಳಿದಿರುವ, ಅಣ್ಣತಮ್ಮಂದಿರ ನಡುವೆ ಬಾಯಿಮಾತಿನಲ್ಲಿ ಮಾತ್ರ ಪಾಲಾಗಿರುವ ಹೊಲವನ್ನು ಯಾವ ಅಂಕಣದಲ್ಲಿ ತೋರಿಸಬೇಕೆಂಬ ಪ್ರಶ್ನೆ ಹಳ್ಳಿಯಿಂದ ಬಂದ ಬಹುತೇಕ ಅಭ್ಯರ್ಥಿಗಳಿಗೆ ಎದುರಾಗುತ್ತದೆ, ಅದಕ್ಕೆ ಉತ್ತರವನ್ನು ಕೊನೆಯ ದಿನ ನೋಟರಿಯ ಮೇಜಿನ ಮುಂದೆ ಹುಡುಕಲಾಗದು.

ಒಂದು ಅಂಕಣವನ್ನೂ ಖಾಲಿ ಬಿಡುವಂತಿಲ್ಲ. ಹೇಳಲು ಏನೂ ಇಲ್ಲದಿದ್ದರೆ "ಇಲ್ಲ" ಅಥವಾ "ಅನ್ವಯಿಸುವುದಿಲ್ಲ" ಎಂದು ಬರೆಯಬೇಕು. ಗೀಟು ಎಳೆದರೆ ಅದು ಉತ್ತರವಾಗುವುದಿಲ್ಲ. ಖಾಲಿ ಅಂಕಣವಿರುವ ಅಫಿಡವಿಟ್ ಮತದಾರರ ಮಾಹಿತಿ ಹಕ್ಕನ್ನು ಕಸಿದುಕೊಳ್ಳುತ್ತದೆ, ಚುನಾವಣಾಧಿಕಾರಿ ಸೂಚನೆ ಕೊಟ್ಟ ಮೇಲೂ ತುಂಬದಿದ್ದರೆ ನಾಮಪತ್ರವನ್ನು ತಿರಸ್ಕರಿಸಬಹುದು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸುಳ್ಳು ಮಾಹಿತಿ ನೀಡಿದರೆ ಆರು ತಿಂಗಳವರೆಗಿನ ಜೈಲು ಅಥವಾ ದಂಡ ಅಥವಾ ಎರಡನ್ನೂ ವಿಧಿಸಲು 125ಎ ಸೆಕ್ಷನ್ ಅವಕಾಶ ಕೊಡುತ್ತದೆ. ಹಾಗೆಂದು ಮನೆಯಲ್ಲಿರುವ ಪ್ರತಿ ಕುರ್ಚಿ, ಬಟ್ಟೆಯ ಲೆಕ್ಕ ಕೊಡಬೇಕಿಲ್ಲ. ಅಭ್ಯರ್ಥಿತನಕ್ಕೆ ಸಂಬಂಧಿಸದ, ಹೆಚ್ಚಿನ ಬೆಲೆಯಿಲ್ಲದ ಪ್ರತಿಯೊಂದು ಚರಾಸ್ತಿಯನ್ನೂ ಬಹಿರಂಗಪಡಿಸುವ ಹೊಣೆ ಅಭ್ಯರ್ಥಿಗಿಲ್ಲವೆಂದು ಅದೇ ನ್ಯಾಯಾಲಯ 2024ರಲ್ಲಿ ಸ್ಪಷ್ಟಪಡಿಸಿತು.

ಪ್ರಮಾಣವಚನದ ವಿಷಯ ಚಿಕ್ಕದು, ಆದರೆ ಮರೆತರೆ ಪರಿಹಾರವಿಲ್ಲದ್ದು. ನಾಮಪತ್ರ ಕೊಟ್ಟ ನಂತರ ಅಭ್ಯರ್ಥಿ ಖುದ್ದಾಗಿ ಅಧಿಕಾರಿಯ ಮುಂದೆ ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಮಾಡಿ ಸಹಿ ಹಾಕಬೇಕು. ಪರಿಶೀಲನೆಯ ದಿನ ಬೆಳಿಗ್ಗೆ ಬಂದು ಮಾಡುತ್ತೇನೆಂದರೆ ಆಗದು. ಅದಕ್ಕೂ ಮುಂಚಿನ ದಿನದೊಳಗೇ ಮುಗಿದಿರಬೇಕೆಂಬುದು 1968ರಿಂದಲೂ ಇತ್ಯರ್ಥವಾಗಿರುವ ವಿಚಾರ. ನಾಮಪತ್ರವನ್ನು ಸೂಚಕರು ತಂದುಕೊಡಬಹುದು, ಪ್ರಮಾಣವನ್ನು ಮಾತ್ರ ಅಭ್ಯರ್ಥಿಯ ಬದಲಿಗೆ ಬೇರೆ ಯಾರೂ ಮಾಡಲಾಗದು.

ಪಕ್ಷದ ಟಿಕೆಟ್ ಸಿಕ್ಕವರಿಗೆ ಇನ್ನೊಂದು ಬಗೆಯ ಆತಂಕವಿದೆ. ಪಕ್ಷದ ಅಧಿಕೃತ ಅಭ್ಯರ್ಥಿ ಯಾರೆಂದು ಹೇಳುವ, ನಾವು ಆಡುಮಾತಿನಲ್ಲಿ ಬಿ ಫಾರಂ ಎನ್ನುವ ಕಾಗದ ಮತ್ತು ಅದಕ್ಕೆ ಸಹಿ ಹಾಕುವ ಅಧಿಕಾರ ಯಾರಿಗಿದೆಯೆಂದು ತಿಳಿಸುವ ಎ ಫಾರಂ, ಎರಡೂ ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಚುನಾವಣಾಧಿಕಾರಿಯ ಕೈ ಸೇರಬೇಕು; ಸಹಿ ಶಾಯಿಯಲ್ಲಿರಬೇಕು, ನಕಲು ಪ್ರತಿ ನಡೆಯದು. ಹೆಸರು ಘೋಷಣೆಯಾಗಿ, ಹಾರ ತುರಾಯಿಗಳೆಲ್ಲ ಮುಗಿದ ಮೇಲೆ ಕೊನೆಯ ಗಳಿಗೆಯಲ್ಲಿ ಬಿ ಫಾರಂ ಮತ್ತೊಬ್ಬರ ಪಾಲಾಗುವುದು ನಮ್ಮಲ್ಲಿ ಹೊಸತೇನಲ್ಲ. ಹೀಗಾದಾಗ ಒಬ್ಬನೇ ಸೂಚಕನ ಸಹಿಯಿರುವ ನಾಮಪತ್ರವನ್ನು ಪಕ್ಷೇತರನ ನಾಮಪತ್ರವೆಂದೂ ಪರಿಗಣಿಸಲು ಬರುವುದಿಲ್ಲ, ಏಕೆಂದರೆ ಅದಕ್ಕೆ ಹತ್ತು ಸಹಿ ಬೇಕು. ಅನುಭವಿಗಳು ಪಕ್ಷದ ಹೆಸರಿನಲ್ಲಿ ಒಂದು ನಾಮಪತ್ರ ಕೊಡುವುದರ ಜೊತೆಗೆ ಹತ್ತು ಸೂಚಕರ ಇನ್ನೊಂದನ್ನೂ ಸಲ್ಲಿಸಿರುವುದು ಇದೇ ಕಾರಣಕ್ಕೆ. ಪತ್ರಿಕೆಗಳು ಅದನ್ನು ಬಂಡಾಯದ ಸೂಚನೆಯೆಂದು ಬರೆಯುತ್ತವೆ. ಬಹಳ ಸಲ ಅದು ಬರೀ ಮುಂಜಾಗ್ರತೆ.

ಪರಿಶೀಲನೆಯ ದಿನ ಅಭ್ಯರ್ಥಿ, ಆತನ ಚುನಾವಣಾ ಏಜೆಂಟ್, ಒಬ್ಬ ಸೂಚಕ ಮತ್ತು ಲಿಖಿತ ಅಧಿಕಾರ ಪಡೆದ ಇನ್ನೊಬ್ಬರು ಹಾಜರಿರಬಹುದು. ಬೇರೆಯವರ ನಾಮಪತ್ರಗಳನ್ನೂ ನೋಡಬಹುದು, ಆಕ್ಷೇಪ ಎತ್ತಬಹುದು. ಹೆಸರಿನ ಕಾಗುಣಿತದ ತಪ್ಪು, ಕ್ರಮಸಂಖ್ಯೆಯ ಸಣ್ಣ ವ್ಯತ್ಯಾಸದಂಥ ಮಹತ್ವದ್ದಲ್ಲದ ದೋಷಗಳಿಗಾಗಿ ನಾಮಪತ್ರ ತಿರಸ್ಕರಿಸಬಾರದೆಂದು 36ನೇ ಸೆಕ್ಷನ್ ಹೇಳುತ್ತದೆ. ಎದುರು ಪಕ್ಷದ ವಕೀಲರು ದೊಡ್ಡ ಧ್ವನಿಯಲ್ಲಿ ಆಕ್ಷೇಪಿಸಿದಾಗ ಈ ಸೆಕ್ಷನ್ನಿನ ಸಂಖ್ಯೆ ಬಾಯಿಗೆ ಬರುವಂತಿದ್ದರೆ ಅರ್ಧ ಗೆದ್ದಂತೆ.

ಹಿಂತೆಗೆತದ ಅವಧಿ ಮುಗಿಯುವುದೂ ಮಧ್ಯಾಹ್ನ 3 ಗಂಟೆಗೇ. ಆ ಬಳಿಕ ಪಕ್ಷೇತರರಿಗೆ ಚಿಹ್ನೆ ಹಂಚಿಕೆ. ನಾಮಪತ್ರದಲ್ಲೇ ಮುಕ್ತ ಚಿಹ್ನೆಗಳ ಪಟ್ಟಿಯಿಂದ ಮೂರನ್ನು ಆದ್ಯತೆಯ ಕ್ರಮದಲ್ಲಿ ಬರೆದಿರಬೇಕು. ಒಂದೇ ಚಿಹ್ನೆಯನ್ನು ಹಲವು ಪಕ್ಷೇತರರು ಕೇಳಿದರೆ ಚೀಟಿ ಎತ್ತಲಾಗುತ್ತದೆ. ಮತಯಂತ್ರದ ಮೇಲೆ ಮೊದಲು ಮಾನ್ಯತೆ ಪಡೆದ ಪಕ್ಷಗಳವರು, ನಂತರ ಇತರ ನೋಂದಾಯಿತ ಪಕ್ಷಗಳವರು, ಕೊನೆಯಲ್ಲಿ ಪಕ್ಷೇತರರು ಬರುತ್ತಾರೆ. ಪ್ರತಿ ಗುಂಪಿನೊಳಗೆ ಅಕ್ಷರಮಾಲೆಯ ಕ್ರಮ. ಇನಿಷಿಯಲ್‌ಗಳನ್ನು ಈ ಕ್ರಮಕ್ಕೆ ಗಣಿಸುವುದಿಲ್ಲ. ಊರಿಗೆಲ್ಲ ಒಂದು ಹೆಸರಿನಿಂದ ಪರಿಚಿತರಾಗಿದ್ದು ಮತದಾರರ ಪಟ್ಟಿಯಲ್ಲಿ ಬೇರೆ ಹೆಸರಿದ್ದರೆ, ಜನ ಕರೆಯುವ ಹೆಸರನ್ನೇ ನಮೂದಿಸುವಂತೆ ಸಕಾಲದಲ್ಲಿ ಲಿಖಿತವಾಗಿ ಕೋರಬಹುದು. ಬಲವಾದ ಅಭ್ಯರ್ಥಿಯ ಹೆಸರನ್ನೇ ಹೋಲುವ ಮತ್ತೊಬ್ಬರನ್ನು ಹುಡುಕಿ ತಂದು ನಿಲ್ಲಿಸುವ ಹಳೆಯ ಆಟಕ್ಕೆ ಸಿಕ್ಕಿಬಿದ್ದವರಿಗೆ ಇದರ ಮಹತ್ವ ಗೊತ್ತು. 2015ರಿಂದ ಅಭ್ಯರ್ಥಿಯ ಭಾವಚಿತ್ರವನ್ನೂ ಮುದ್ರಿಸುತ್ತಿರುವುದರಿಂದ ಗೊಂದಲ ಸ್ವಲ್ಪ ತಗ್ಗಿದೆ.

ಚಿಹ್ನೆ ಕೈಗೆ ಬಂದ ಮೇಲೆ ಎಷ್ಟು ದಿನ ಉಳಿಯುತ್ತದೆ? 2023ರಲ್ಲಿ ಏಪ್ರಿಲ್ 24ರ ಮಧ್ಯಾಹ್ನದಿಂದ ಮೇ 8ರ ಸಂಜೆ 6ರವರೆಗೆ, ಅಂದರೆ ಹದಿನಾಲ್ಕು ದಿನ. ಮತದಾನ ಮುಗಿಯುವುದಕ್ಕೆ 48 ಗಂಟೆ ಮುಂಚೆ ಬಹಿರಂಗ ಪ್ರಚಾರ ನಿಲ್ಲಬೇಕೆಂಬುದು 126ನೇ ಸೆಕ್ಷನ್ನಿನ ಕಟ್ಟಳೆ. ಆ ಚುನಾವಣೆಯಲ್ಲಿ ರಾಜ್ಯದ ಮತದಾರರು ಸುಮಾರು 5.3 ಕೋಟಿ, ಮತಗಟ್ಟೆಗಳು 58 ಸಾವಿರಕ್ಕೂ ಹೆಚ್ಚು. ಒಂದು ಕ್ಷೇತ್ರಕ್ಕೆ ಸರಾಸರಿ 2.3 ಲಕ್ಷಕ್ಕೂ ಹೆಚ್ಚು ಮತದಾರರು, ಸುಮಾರು 260 ಮತಗಟ್ಟೆಗಳು. ಹದಿನಾಲ್ಕು ದಿನಗಳಲ್ಲಿ ಎಲ್ಲ ಮತಗಟ್ಟೆಗಳ ವ್ಯಾಪ್ತಿಗೂ ಒಮ್ಮೆ ಕಾಲಿಡಬೇಕೆಂದರೆ ದಿನಕ್ಕೆ ಹದಿನೆಂಟಕ್ಕಿಂತ ಹೆಚ್ಚು ಕಡೆ ಹೋಗಬೇಕು. ತಮ್ಮ ಹೊಸ ಚಿಹ್ನೆಯನ್ನು ಜನರ ಕಣ್ಣಿಗೆ ರೂಢಿ ಮಾಡಿಸಬೇಕಾದ ಪಕ್ಷೇತರರಿಗೆ ಈ ಗಣಿತ ಕ್ರೂರವಾದದ್ದು. ದಶಕಗಳಿಂದ ಗೋಡೆಗಳ ಮೇಲಿರುವ ಪಕ್ಷದ ಚಿಹ್ನೆಗೆ ಅಂಥ ಶ್ರಮ ಬೇಕಿಲ್ಲ. 2023ರಲ್ಲಿ ಗೌರಿಬಿದನೂರು ಮತ್ತು ಹರಪನಹಳ್ಳಿಗಳಿಂದ ಪಕ್ಷೇತರರು ಗೆದ್ದದ್ದನ್ನು ಬಿಟ್ಟರೆ ಉಳಿದ ಕ್ಷೇತ್ರಗಳೆಲ್ಲ ಯಾವುದಾದರೊಂದು ಪಕ್ಷದ ಪಾಲಾದವು.

ಪ್ರಚಾರದ ನಿಯಮಗಳಲ್ಲಿ ಮರೆಯಬಾರದವು ಕೆಲವು. ಪ್ರತಿ ಕರಪತ್ರದ ಮೇಲೂ ಮುದ್ರಕರ, ಪ್ರಕಾಶಕರ ಹೆಸರು ಮತ್ತು ವಿಳಾಸ ಇರಬೇಕು. ಟಿ.ವಿ. ಮತ್ತು ಸಾಮಾಜಿಕ ಜಾಲತಾಣಗಳ ಜಾಹೀರಾತಿಗೆ ಜಿಲ್ಲಾ ಮಟ್ಟದ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಪೂರ್ವಾನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಕ್ರಿಮಿನಲ್ ಪ್ರಕರಣಗಳಿರುವ ಅಭ್ಯರ್ಥಿಗಳು ಆ ವಿವರವನ್ನು ಪ್ರಚಾರದ ಅವಧಿಯಲ್ಲಿ ಮೂರು ಸಲ ಪತ್ರಿಕೆ ಮತ್ತು ಟಿ.ವಿ.ಗಳಲ್ಲಿ ಪ್ರಕಟಿಸಬೇಕು. ಹೋರಾಟದ ಹಿನ್ನೆಲೆಯಿಂದ ಬಂದವರಿಗೆ ರಸ್ತೆ ತಡೆ, ಧರಣಿಗಳ ಹಳೆಯ ಪ್ರಕರಣಗಳೂ ಈ ಲೆಕ್ಕಕ್ಕೆ ಸೇರುತ್ತವೆ ಎಂಬುದು ತಡವಾಗಿ ಅರಿವಾಗುತ್ತದೆ, ಜಾಹೀರಾತಿನ ಖರ್ಚೂ ಅವರದ್ದೇ.

ಈಗ ಹಣದ ವಿಚಾರ. ವಿಧಾನಸಭೆಯ ಅಭ್ಯರ್ಥಿಗೆ ಕರ್ನಾಟಕದಂಥ ದೊಡ್ಡ ರಾಜ್ಯಗಳಲ್ಲಿ 2022ರ ಜನವರಿಯಿಂದ ಇರುವ ವೆಚ್ಚದ ಮಿತಿ 40 ಲಕ್ಷ ರೂಪಾಯಿ. ಸರಾಸರಿ ಕ್ಷೇತ್ರದ ಮತದಾರರ ಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಸುಮಾರು 17 ರೂಪಾಯಿ. ಈ ಮಿತಿಯನ್ನು ನಂಬುವವರು ಊರಿನಲ್ಲಿ ಯಾರೂ ಇಲ್ಲ ಎಂಬುದು ನಿಜವಾದರೂ, ದಾಖಲೆಯ ಮಟ್ಟಿಗೆ ಅದು ಬಹಳ ಬಿಗಿಯಾದ ವ್ಯವಸ್ಥೆ. ಬಿಗಿ ಹೆಚ್ಚು ತಟ್ಟುವುದು ಲೆಕ್ಕ ಬಲ್ಲ ಗುಮಾಸ್ತರಿಲ್ಲದ ಹೊಸಬರಿಗೆ. ನಾಮಪತ್ರ ಸಲ್ಲಿಸುವ ಕನಿಷ್ಠ ಒಂದು ದಿನ ಮೊದಲು ಚುನಾವಣೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. ಸ್ವಂತ ಹಣವಾದರೂ ಸರಿ, ಮೊದಲು ಆ ಖಾತೆಗೆ ಜಮಾ ಮಾಡಿ ಅಲ್ಲಿಂದಲೇ ಖರ್ಚು ಮಾಡಬೇಕು. ಇಡೀ ಚುನಾವಣೆಯಲ್ಲಿ ಒಬ್ಬ ವ್ಯಕ್ತಿಗೆ ಅಥವಾ ಸಂಸ್ಥೆಗೆ ಕೊಡುವ ಮೊತ್ತ 10,000 ರೂಪಾಯಿ ದಾಟಿದರೆ ನಗದಿನಲ್ಲಿ ಕೊಡುವಂತಿಲ್ಲ.

ನಾಮಪತ್ರ ಸಲ್ಲಿಸಿದಾಗ ಅಭ್ಯರ್ಥಿಗೆ ಒಂದು ವೆಚ್ಚದ ವಹಿ ಕೊಡುತ್ತಾರೆ. ಅದರಲ್ಲಿ ದಿನವಹಿಗೆ ಬಿಳಿ ಹಾಳೆ, ನಗದು ವಹಿಗೆ ಗುಲಾಬಿ ಹಾಳೆ, ಬ್ಯಾಂಕ್ ವಹಿಗೆ ಹಳದಿ ಹಾಳೆ. ಸಂಜೆ ಒಂದು ಬೀದಿ ಸಭೆ ಮಾಡಿದಿರಿ ಎನ್ನಿ. ಇನ್ನೂರು ಕುರ್ಚಿ, ಒಂದು ಶಾಮಿಯಾನ, ಮೈಕ್ ಸೆಟ್, ಜನರೇಟರ್, ಚಹಾ. ಪ್ರತಿಯೊಂದಕ್ಕೂ ಜಿಲ್ಲಾ ಚುನಾವಣಾಧಿಕಾರಿ ಮೊದಲೇ ಪ್ರಕಟಿಸಿದ ದರಪಟ್ಟಿ ಇರುತ್ತದೆ. ಶಾಮಿಯಾನದ ಅಂಗಡಿಯವರು ನಿಮ್ಮ ಸ್ನೇಹಿತರಾಗಿದ್ದು ಬಾಡಿಗೆ ಬೇಡವೆಂದರೂ ಅದರ ಅಂದಾಜು ಬೆಲೆಯನ್ನು ವಹಿಯಲ್ಲಿ ತೋರಿಸಬೇಕು. ಆ ಹೊತ್ತಿಗೆ ಸಭೆಯ ಮೂಲೆಯಲ್ಲಿ ನಿಂತ ವಿಡಿಯೊ ಕಣ್ಗಾವಲು ತಂಡ ಕುರ್ಚಿಗಳನ್ನು ಚಿತ್ರೀಕರಿಸಿಕೊಂಡಿರುತ್ತದೆ; ಅದನ್ನು ಆಧರಿಸಿ ಅಧಿಕಾರಿಗಳು ತಮ್ಮದೇ ಆದ ನೆರಳು ವಹಿಯೊಂದರಲ್ಲಿ ನಿಮ್ಮ ಲೆಕ್ಕ ಬರೆಯುತ್ತಿರುತ್ತಾರೆ. ಪ್ರಚಾರದ ಅವಧಿಯಲ್ಲಿ ಕನಿಷ್ಠ ಮೂರು ಸಲ ನಿಮ್ಮ ವಹಿಯನ್ನು ಆ ನೆರಳು ವಹಿಯೊಂದಿಗೆ ಹೋಲಿಸಲಾಗುತ್ತದೆ. ನಿಮ್ಮಲ್ಲಿ 150 ಕುರ್ಚಿ, ಅವರಲ್ಲಿ 200 ಕುರ್ಚಿ ಇದ್ದರೆ ನೋಟಿಸ್ ಬರುತ್ತದೆ. ನಾಮಪತ್ರಕ್ಕೆ ಮುಂಚೆಯೇ ಮುದ್ರಿಸಿಟ್ಟ ಕರಪತ್ರಗಳನ್ನು ಆಮೇಲೆ ಹಂಚಿದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಪಕ್ಷಗಳ ವೆಚ್ಚಕ್ಕೆ ಮಾತ್ರ ಕಾನೂನಿನಲ್ಲಿ ಮಿತಿಯೇ ಇಲ್ಲ ಎಂಬುದು ಈ ವ್ಯವಸ್ಥೆಯ ದೊಡ್ಡ ಬಿರುಕು. ಮಾನ್ಯತೆ ಪಡೆದ ಪಕ್ಷ ಹೆಸರಿಸಬಹುದಾದ 40 ತಾರಾ ಪ್ರಚಾರಕರ ಪ್ರಯಾಣದ ಖರ್ಚು ಅಭ್ಯರ್ಥಿಯ ಖಾತೆಗೆ ಬರುವುದಿಲ್ಲ. ಆದರೆ ಅಭ್ಯರ್ಥಿ ಅವರ ಜೊತೆ ವೇದಿಕೆ ಹಂಚಿಕೊಂಡರೆ, ಅಥವಾ ಸಭೆಯಲ್ಲಿ ಆತನ ಹೆಸರು, ಚಿತ್ರವಿರುವ ಫಲಕ ಇದ್ದರೆ, ಆ ಸಭೆಯ ಖರ್ಚಿನ ಪಾಲು ಅಭ್ಯರ್ಥಿಗೆ ಬೀಳುತ್ತದೆ. ದೊಡ್ಡ ನಾಯಕರೊಬ್ಬರು ಬಂದು ಕೈ ಎತ್ತಿಸಿದ ಫೋಟೊಕ್ಕೆ ಲಕ್ಷಗಟ್ಟಲೆ ಬೆಲೆಯಿರುವುದು ಹೀಗೆ.

ಮತದಾನದ ದಿನ ಹೊಸಬರ ದೌರ್ಬಲ್ಯ ಎದ್ದು ಕಾಣುವುದು ಬೂತ್ ಏಜೆಂಟರ ವಿಷಯದಲ್ಲಿ. ಮತದಾನ ಬೆಳಿಗ್ಗೆ 7ಕ್ಕೆ ಶುರುವಾಗುವುದಾದರೆ ಅಣಕು ಮತದಾನ 5.30ಕ್ಕೆ. ಏಜೆಂಟರ ಮುಂದೆ ಕನಿಷ್ಠ 50 ಅಣಕು ಮತಗಳನ್ನು ಹಾಕಿ, ಎಣಿಸಿ, ಹಾಕಿದ ಮತವನ್ನು ಕಾಗದದ ಮೇಲೆ ಮುದ್ರಿಸುವ ವಿವಿಪ್ಯಾಟ್ ಯಂತ್ರದ ಚೀಟಿಗಳೊಂದಿಗೆ ತಾಳೆ ನೋಡಿ, ನಂತರ ಅಳಿಸಿ ಸೊನ್ನೆ ತೋರಿಸಿ ಮುದ್ರೆ ಹಾಕುತ್ತಾರೆ. ಏಜೆಂಟರು ಬಾರದಿದ್ದರೆ ಹದಿನೈದು ನಿಮಿಷ ಕಾದು ಕೆಲಸ ಮುಂದುವರಿಸಲಾಗುತ್ತದೆ. 260 ಮತಗಟ್ಟೆಗಳಲ್ಲಿ ಮುಂಜಾನೆ ಐದೂವರೆಗೆ ಹಾಜರಿರಲು ಒಪ್ಪುವ, ಸಂಜೆಯವರೆಗೆ ಕದಲದ, ಆಮಿಷಕ್ಕೆ ಜಗ್ಗದ 260 ಮಂದಿ ಬೇಕು. ಪ್ರತಿ ಮತಗಟ್ಟೆಗೂ ಒಬ್ಬ ಏಜೆಂಟ್ ಮತ್ತು ಸರದಿಯಲ್ಲಿ ಬಿಡುವು ಕೊಡಲು ಇಬ್ಬರವರೆಗೆ ನೇಮಿಸಲು ಕಾನೂನು ಅವಕಾಶ ಕೊಡುತ್ತದೆ. ಹೊಸ ಅಭ್ಯರ್ಥಿಯ ನಿಜವಾದ ಸಂಘಟನೆ ಎಷ್ಟೆಂದು ಅಳೆಯಲು ನನಗೆ ಈ ಒಂದು ಸಂಖ್ಯೆಗಿಂತ ಒಳ್ಳೆಯ ಮಾನದಂಡ ಕಂಡಿಲ್ಲ; ಬೈಕ್ ರ್‍ಯಾಲಿಗೆ ಬಂದ ಸಾವಿರ ಜನರಲ್ಲಿ ಬೂತಿನೊಳಗೆ ಕೂರುವವರು ನೂರು ಸಿಕ್ಕರೆ ಹೆಚ್ಚು.

ಏಜೆಂಟ್ ಸಂಜೆ ಮರಳುವಾಗ ತರಬೇಕಾದ ಕಾಗದವೊಂದಿದೆ: ನಮೂನೆ 17ಸಿಯ ಪ್ರತಿ. ಆ ಮತಗಟ್ಟೆಯ ಯಂತ್ರದ ಸಂಖ್ಯೆ, ಮುದ್ರೆಯ ಸಂಖ್ಯೆ, ಚಲಾವಣೆಯಾದ ಒಟ್ಟು ಮತಗಳು ಅದರಲ್ಲಿರುತ್ತವೆ. ಎಣಿಕೆಯ ದಿನ ಮೇಜಿನ ಮೇಲೆ ಮತಯಂತ್ರದ ಮತಗಳನ್ನು ಹಿಡಿದಿಡುವ ಭಾಗವಾದ ಕಂಟ್ರೋಲ್ ಯೂನಿಟ್ ಬಂದಾಗ ಎಣಿಕೆ ಏಜೆಂಟ್ ಈ ಕಾಗದವನ್ನು ಕೈಯಲ್ಲಿ ಹಿಡಿದು ಮೂರನ್ನೂ ತಾಳೆ ನೋಡಬೇಕು. ಕಾಗದವಿಲ್ಲದ ಏಜೆಂಟ್ ಅಲ್ಲಿ ಬರಿಯ ಪ್ರೇಕ್ಷಕ.

ಎಣಿಕೆ ಅಂಚೆ ಮತಗಳಿಂದ ಆರಂಭವಾಗುತ್ತದೆ. ಸಾಮಾನ್ಯವಾಗಿ ಹದಿನಾಲ್ಕು ಮೇಜುಗಳು. 260 ಮತಗಟ್ಟೆಗಳಾದರೆ ಹತ್ತೊಂಬತ್ತು ಸುತ್ತು. ಲಾಟರಿಯಿಂದ ಆರಿಸಿದ ಐದು ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನೂ ಎಣಿಸಲಾಗುತ್ತದೆ. ಮರುಎಣಿಕೆ ಕೋರುವುದಾದರೆ ಒಟ್ಟು ಮತಗಳ ಘೋಷಣೆಗೂ ಫಲಿತಾಂಶದ ಘೋಷಣೆಗೂ ನಡುವಿನ ಸಣ್ಣ ಬಿಡುವಿನಲ್ಲೇ, ಕಾರಣ ಸಹಿತ, ಲಿಖಿತವಾಗಿ ಕೊಡಬೇಕು. 2004ರಲ್ಲಿ ಸಂತೇಮರಹಳ್ಳಿಯ ಫಲಿತಾಂಶವನ್ನು ನಿರ್ಧರಿಸಿದ್ದು ಒಂದೇ ಮತ. 2023ರಲ್ಲಿ ಜಯನಗರದಲ್ಲಿ, ಅಂಚೆ ಮತಗಳ ಮರುಪರಿಶೀಲನೆಯ ಜಗ್ಗಾಟದ ನಂತರ ತಡರಾತ್ರಿ ಹೊರಬಿದ್ದ ಅಂತರ 16. ಸೋಲು ಖಚಿತವೆಂದು ಮಧ್ಯಾಹ್ನವೇ ಎಣಿಕೆ ಕೇಂದ್ರದಿಂದ ಹೊರಡುವ ಏಜೆಂಟರನ್ನು ಕಂಡಾಗ ನನಗೆ ಈ ಎರಡು ಸಂಖ್ಯೆಗಳು ನೆನಪಾಗುತ್ತವೆ.

ಫಲಿತಾಂಶದೊಂದಿಗೆ ಗಡಿಯಾರ ನಿಲ್ಲುವುದಿಲ್ಲ. ಫಲಿತಾಂಶ ಪ್ರಕಟವಾದ 30 ದಿನಗಳೊಳಗೆ ಪ್ರತಿಯೊಬ್ಬ ಸ್ಪರ್ಧಿಯೂ, ಗೆದ್ದವರಿರಲಿ, ನೂರು ಮತ ಪಡೆದವರಿರಲಿ, ವೆಚ್ಚದ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಸಲ್ಲಿಸಬೇಕು. 2023ರಲ್ಲಿ ಅದಕ್ಕೆ ಜೂನ್ 12 ಕೊನೆಯ ದಿನವಾಗಿತ್ತು. ಸರಿಯಾದ ಕಾರಣವಿಲ್ಲದೆ ಸಲ್ಲಿಸದಿದ್ದರೆ 10ಎ ಸೆಕ್ಷನ್ ಅಡಿಯಲ್ಲಿ ಆಯೋಗವು ಮೂರು ವರ್ಷ ಅನರ್ಹಗೊಳಿಸಬಹುದು. ಸೋತ ಬೇಸರದಲ್ಲಿ ವಹಿಯನ್ನು ಮೂಲೆಗೆಸೆದು, ಅನರ್ಹತೆಯ ಆದೇಶ ಬಂದ ಮೇಲೆ ಹುಡುಕುವವರು ಬಹುಪಾಲು ಮೊದಲ ಬಾರಿ ನಿಂತವರೇ. ಫಲಿತಾಂಶವನ್ನು ಪ್ರಶ್ನಿಸುವುದಾದರೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಸಲ್ಲಿಸಲು 45 ದಿನಗಳ ಅವಕಾಶವಿದೆ, ಆಗ ಸಾಕ್ಷ್ಯವಾಗಿ ನಿಲ್ಲುವುದು ಆ 17ಸಿ ಪ್ರತಿಗಳು ಮತ್ತು ಪರಿಶೀಲನೆಯ ದಿನ ಕೊಟ್ಟ ಲಿಖಿತ ಆಕ್ಷೇಪಗಳು. ಠೇವಣಿ ಉಳಿಸಿಕೊಂಡವರು ಅದನ್ನು ವಾಪಸ್ ಪಡೆಯಲು ಅರ್ಜಿ ಕೊಡಬೇಕು. ನಾಮಪತ್ರದ ದಿನ ಕೊಟ್ಟ ರಸೀದಿಯನ್ನು ಅಲ್ಲಿಯವರೆಗೆ ಜೋಪಾನವಾಗಿ ಇಟ್ಟುಕೊಂಡಿರಬೇಕು.